ನಾನೇ ಬೋಧಿಸಿದ ಪ್ರತಿಜ್ಞೆಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ



2025ರ ನವೆಂಬರ್ 14ರಂದು ಮಕ್ಕಳ ದಿನಾಚರಣೆಯ ನಿಮಿತ್ತ ಬಬಲೇಶ್ವರದ ಸಮಾರಂಭವೊಂದಕ್ಕೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಸಂಘಟಕರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳು. ಕರೆದರೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಶಾಲು, ಹಾರ, ಒಂದು ಬುಟ್ಟಿ ಹಣ್ಣು ಎಲ್ಲ ಆದ ಮೇಲೆ ನಿರೂಪಕರು ನನ್ನ ಕೈಗೆ ಒಂದು ಹಾಳೆ ಕೊಟ್ಟು, "ಸರ್, ಮಕ್ಕಳಿಗೆ ಇದೊಂದು ಪ್ರತಿಜ್ಞೆ ತಾವೇ ಬೋಧಿಸಬೇಕರಿ" ಎಂದರು. "ನಾನು ಇಂದಿನಿಂದ ಮೊಬೈಲಿನಲ್ಲಾಗಲಿ ಗಣಕಯಂತ್ರದಲ್ಲಾಗಲಿ ಯಾವ ಆಟವನ್ನೂ ಆಡುವುದಿಲ್ಲ, ಆಡುವವರ ಸಂಗವನ್ನೂ ಮಾಡುವುದಿಲ್ಲ" ಎಂಬುದು ಅದರ ಸಾರ. ಇನ್ನೂರರಷ್ಟು ಮಕ್ಕಳು ಬಲಗೈ ಮುಂದೆ ಚಾಚಿ ನಿಂತಿದ್ದರು. ನಾನು ಹೇಳಿಕೊಟ್ಟೆ, ಅವರು ಹೇಳಿದರು. ಚಪ್ಪಾಳೆಯಾಯಿತು.

ಆ ಹೊತ್ತಿನಲ್ಲಿ ನನ್ನ ಅಂಗಿಯ ಕಿಸೆಯಲ್ಲಿದ್ದ ಮೊಬೈಲಿನಲ್ಲಿ, ಅಂದು ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ನಾನೇ ಹಿಡಿದಿದ್ದ ಇಪ್ಪತ್ತೇಳು ಕಡಲೇಡಿಗಳು ಇದ್ದವು. ಜನ್ಮದಲ್ಲಿ ಮೀನು ಮುಟ್ಟದ ಮನೆತನದವನು ನಾನು ಎಂಬುದು ನಿಮಗೆಲ್ಲ ಗೊತ್ತು. ಗಾಬರಿಯಾಗಬೇಡಿರಿ, ಆ ಕಡಲೂ ಕಡಲೇಡಿಯೂ ಒಂದು ಆಟದವು. ಆದರೆ ಆಡುವವನು ನಾನು, 76 ವರ್ಷದ ನಿವೃತ್ತ ಕನ್ನಡ ಶಿಕ್ಷಕ. ಅಂಥವನು ಇನ್ನೂರು ಮಕ್ಕಳ ಮುಂದೆ ನಿಂತು ಸುಳ್ಳು ಹೇಳಿ, ಹೇಳಿಸಿ ಬಂದಿದ್ದೇನೆ. ನನ್ನ ಹಿಂದೆಯೇ ಕಾರಿನಲ್ಲಿ ಕುಳಿತಿದ್ದ ನನ್ನ ಮಗಳ ಮಗ ವಿಜಯಪುರ ಮುಟ್ಟುವವರೆಗೆ ಒಂದೂ ಮಾತಾಡಲಿಲ್ಲ. ಮನೆಯ ಬಾಗಿಲಲ್ಲಿ ಇಳಿಯುವಾಗ ಮಾತ್ರ, "ಮುತ್ಯಾ, ನನ್ನ ಸಂಗಾನೂ ಬಿಡ್ತೀ ಏನು ಮತ್ತ?" ಎಂದ.

ಈ ಬರಹ ಆ ಪ್ರಶ್ನೆಗೆ ಉತ್ತರ. ಅವನ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಇದರಲ್ಲಿ ಅರ್ಧ ನಿಮ್ಮೆಲ್ಲರಿಗೆ, ಇನ್ನರ್ಧ ಟಿಕೋಟಾದಲ್ಲಿರುವ ನಮ್ಮ ಅಳಿಯಂದಿರಿಗೆ. ಅವರು ನಾನು ಬರೆದುದನ್ನು ತಪ್ಪದೆ ಓದುತ್ತಾರೆಂಬುದನ್ನು ಬಲ್ಲೆ. ಎದುರಿಗೆ ಕುಳಿತು ಹೇಳಬೇಕಾದ ಮಾತನ್ನು ಬರೆದು ಹೇಳುವುದು ಹೇಡಿತನವೇ ಸರಿ. ಆದರೆ ಎದುರಿಗೆ ಕುಳಿತಾಗಲೆಲ್ಲ ಮಾತು ದ್ರಾಕ್ಷಿಯ ದರಕ್ಕೋ ಮಳೆಗೋ ತಿರುಗಿಬಿಡುತ್ತದೆ.

ಮೊದಲು ಆಟದ ವಿಷಯ. ಅದರ ಹೆಸರು ರೂನ್‌ಸ್ಕೇಪ್. 2001ರಲ್ಲಿ ಇಂಗ್ಲೆಂಡಿನ ಗೋವರ್ ಸಹೋದರರು ಆರಂಭಿಸಿದ್ದು. ಕಾಲಾಂತರದಲ್ಲಿ ಅದನ್ನು ವಿಪರೀತ ಬದಲಾಯಿಸಿದಾಗ, ನಮಗೆ 2007ರಲ್ಲಿದ್ದ ಆಟವೇ ಬೇಕೆಂದು ಆಡುವವರು ಹಟ ಹಿಡಿದರು. 2013ರಲ್ಲಿ ಮತ ಹಾಕಿಸಿದಾಗ ನಾಲ್ಕೂವರೆ ಲಕ್ಷದ ಸಮೀಪ ಮತ ಬಿದ್ದು ಹಳೆಯ ಆಟ ಮರಳಿ ಬಂತು. ಅದಕ್ಕೆ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂದು ಹೆಸರು. ನಿವೃತ್ತ ಮಾಸ್ತರನೊಬ್ಬ ಕೊನೆಗಾಲದಲ್ಲಿ ಸೇರಿಕೊಂಡದ್ದೂ ಹಳೆಯ ಶಾಲೆಗೇ ಎಂದು ನಾನು ಆಗಾಗ ನಗುವುದುಂಟು. 2018ರಲ್ಲಿ ಇದು ಮೊಬೈಲಿಗೂ ಬಂತು. ತುಟ್ಟಿಯ ಯಂತ್ರ ಬೇಡ, ಪುಕ್ಕಟೆಯಾಗಿ ಆಡಬಹುದಾದ ಭಾಗವೇ ಸಾಕಷ್ಟು ದೊಡ್ಡದು.

ಏನಿದೆ ಅದರಲ್ಲಿ? ಒಂದು ಕಲ್ಪಿತ ರಾಜ್ಯವಿದೆ. ಒಂದೇ ಹೊತ್ತಿಗೆ ಸಾವಿರಾರು ಜನ, ಬೇರೆ ಬೇರೆ ದೇಶದವರು, ಅದರೊಳಗೆ ಒಂದೊಂದು ವೇಷ ತೊಟ್ಟು ಅಡ್ಡಾಡುತ್ತಾರೆ. ಮರ ಕಡಿಯುವುದು, ಅದಿರು ಅಗೆಯುವುದು, ಅಡುಗೆ, ಕಮ್ಮಾರಿಕೆ, ಮಂತ್ರ, ಯುದ್ಧ ಎಲ್ಲ ಇದೆ. ಒಂದೊಂದು ಕಸುಬಿಗೂ ಒಂದರಿಂದ 99ರ ತನಕ ಮೆಟ್ಟಿಲುಗಳು. ಲಂಬ್ರಿಜ್ ಎಂಬ ಊರಿನ ಕೋಟೆಯಲ್ಲಿ ಹೊಸಬರ ಆಟ ಶುರುವಾಗುತ್ತದೆ. ಅಲ್ಲಿಯ ಅಡುಗೆಯವನು ನನಗೆ ಒಪ್ಪಿಸಿದ ಮೊದಲ ಕೆಲಸವೇನು ಗೊತ್ತೆ? ಒಡೆಯನ ಹುಟ್ಟುಹಬ್ಬಕ್ಕೆ ಕೇಕು ಮಾಡಬೇಕು. ಒಂದು ತತ್ತಿ, ಒಂದು ಬಕೆಟ್ ಹಾಲು, ಒಂದು ಗಡಿಗೆ ಹಿಟ್ಟು ತಂದುಕೊಡು ಎಂದ. ಹೊಲಕ್ಕೆ ಹೋಗಿ ಗೋದಿ ಕಿತ್ತು, ಗಾಳಿಗಿರಣಿಯ ಮೇಲಿನ ಅಂತಸ್ತಿಗೆ ಹತ್ತಿ ಕಾಳು ಸುರಿದು, ಸನ್ನೆ ಎಳೆದು, ಕೆಳಗಿಳಿದು ಹಿಟ್ಟು ತುಂಬಿಕೊಳ್ಳಬೇಕು. ಆಕಳು ಹಿಂಡಬೇಕು. ಹಾಲು ಪಾಕೀಟಿನಲ್ಲಿ ಬರುತ್ತದೆಂದು ತಿಳಿದ ಪಟ್ಟಣದ ಮಕ್ಕಳು ಈ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆಂಬುದನ್ನು ನೋಡಿದರೆ, ಆಟ ಮಕ್ಕಳನ್ನು ಹಿಂಸೆಗೆ ಹಚ್ಚುತ್ತದೆ ಎಂದು ಭಾಷಣ ಮಾಡುವವರು ಸ್ವಲ್ಪ ತಡೆದು ಮಾತಾಡುತ್ತಾರೇನೋ.

ನನಗೆ ಇದರ ದೀಕ್ಷೆ ಕೊಟ್ಟವನು ಮೊಮ್ಮಗ, 2020ರ ಲಾಕ್‌ಡೌನಿನಲ್ಲಿ. ನಿಮ್ಮ ಗುರುಮಾತೆ ತೀರಿಕೊಂಡು ಅದಕ್ಕೆ ವರ್ಷವಾಗಿತ್ತು. ವಿಜಯಪುರದ ಮನೆಯಲ್ಲಿ ನಾನೊಬ್ಬನೇ. ಟಿಕೋಟಾ ಇಪ್ಪತ್ತು ಕಿಲೋಮೀಟರಿನಷ್ಟು ದೂರ. ದಿನಕ್ಕೆ ಎರಡು ಸಲ ಹೋಗಿಬರುವ ದಾರಿ. ಅಂಥ ದಾರಿ ಒಮ್ಮೆಲೇ ಕಾಶಿಗಿಂತ ದೂರವಾಯಿತು. ಹದಿಮೂರು ವರ್ಷದ ಹುಡುಗ ಫೋನಿನಲ್ಲಿ ತಾಳ್ಮೆಯಿಂದ ಒಂದೊಂದೇ ಹೇಳಿಕೊಟ್ಟ. ನಾನು ನಲವತ್ತು ವರ್ಷ ಪಾಠ ಮಾಡಿದವನು. ಅಷ್ಟು ತಾಳ್ಮೆ ನನ್ನಲ್ಲಿತ್ತೆಂದು ಎದೆ ಮುಟ್ಟಿ ಹೇಳಲಾರೆ. "ಮುತ್ಯಾ, ನೀ ಅಲ್ಲೇ ನಿಂದ್ರು, ಎಲ್ಲೀ ಹೋಗಬ್ಯಾಡ, ನಾ ಬರ್ತೀನಿ" ಎಂದ. ನಿಂತೆ. ಕೋಟೆಯ ಅಂಗಳಕ್ಕೆ ತಲೆಯ ಮೇಲೆ ಕೊಂಬಿನ ಟೊಪ್ಪಿಗೆ ತೊಟ್ಟ ಒಂದು ಪುಟ್ಟ ಆಕೃತಿ ಓಡಿಬಂದು ನನ್ನ ಎದುರು ನಿಂತು ಕೈಬೀಸಿತು. ಮೂರು ತಿಂಗಳಲ್ಲಿ ಅವನನ್ನು ನೋಡಿದ್ದು ಅಂದೇ ಎಂದು ನನಗೆ ಅನಿಸಿತು. ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ನಗುವವರು ನಗಲಿ.

ಆ ಬೇಸಿಗೆಯುದ್ದಕ್ಕೂ ಸಂಜೆ ಆರಕ್ಕೆ ನಾವಿಬ್ಬರೂ ಗಿರಣಿಯ ಹತ್ತಿರ ಕೂಡುತ್ತಿದ್ದೆವು. ಕ್ರಮೇಣ ಅವನ ಬಳಗವೂ ಪರಿಚಯವಾಯಿತು. ಹನ್ನೊಂದು ಜನ. ಮನಿಲಾದ ಆಸ್ಪತ್ರೆಯೊಂದರ ದಾದಿ, ಪೋಲೆಂಡಿನ ಒಬ್ಬ ಲಾರಿ ಚಾಲಕ, ಬ್ರೆಜಿಲ್ಲಿನ ಇಬ್ಬರು ಅಣ್ಣತಮ್ಮಂದಿರು, ಕೊಯಿಮತ್ತೂರಿನ ಒಬ್ಬ ಕಾಲೇಜು ಹುಡುಗ, ಹೀಗೆ. ನಾನು ಹೊಸಬನೆಂದು ತಿಳಿದ ವಾರದಲ್ಲೇ ಅವರೆಲ್ಲ ಸೇರಿ ನನಗೊಂದು ಕಬ್ಬಿಣದ ಕವಚ, ಗುರಾಣಿ, ಐವತ್ತು ರೊಟ್ಟಿ ತಂದುಕೊಟ್ಟರು. ನನ್ನ ವಯಸ್ಸು ಗೊತ್ತಾದ ಮೇಲೆ ನನ್ನನ್ನು ಎಲ್ಲರೂ "ಮುತ್ಯಾ" ಎಂದೇ ಕರೆಯತೊಡಗಿದರು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಪೋಲೆಂಡಿನವನು ಪ್ರತಿಸಲ ಒಂದಿಲ್ಲೊಂದು ಅಕ್ಷರ ತಪ್ಪುತ್ತಾನೆ. ತಿದ್ದುವ ಚಟ ನನ್ನದು, ತಿದ್ದುತ್ತೇನೆ.

ಮೋಸವೂ ಆಯಿತು, ಮುಚ್ಚಿಡುವುದಿಲ್ಲ. ಆ ರಾಜ್ಯದಲ್ಲಿ ನಮ್ಮ ವಿಜಯಪುರದ ಎಪಿಎಂಸಿಯಂಥ ಒಂದು ದೊಡ್ಡ ಮಾರುಕಟ್ಟೆಯಿದೆ. ಅಲ್ಲಿ ಒಬ್ಬ ನಿಂತು "ಹಣ ಕೊಟ್ಟರೆ ದುಪ್ಪಟ್ಟು ಮಾಡಿಕೊಡುತ್ತೇನೆ" ಎಂದು ಕೂಗುತ್ತಿದ್ದ. ನೂರು ನಾಣ್ಯ ಕೊಟ್ಟೆ, ಇನ್ನೂರು ಕೊಟ್ಟ. ಸಾವಿರ ಕೊಟ್ಟೆ, ಎರಡು ಸಾವಿರ ಕೊಟ್ಟ. ನನ್ನಲ್ಲಿದ್ದ ಎಲ್ಲವನ್ನೂ ಕೊಟ್ಟೆ, ಮಾಯವಾದ! ಮೊಮ್ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಚೀಟಿ ಕಟ್ಟಿ, ದುಪ್ಪಟ್ಟಿನ ಆಸೆಗೆ ಬಿದ್ದು, ನಿಜವಾದ ಲಕ್ಷಗಳನ್ನು ಕಳೆದುಕೊಂಡ ಎಷ್ಟು ಜನ ಹಿರಿಯರು ನಮ್ಮ ಬಳಗದಲ್ಲಿಲ್ಲ? ನಾನು ಅದೇ ಪಾಠವನ್ನು ಗೋದಿ ಮಾರಿ ಗಳಿಸಿದ ಹುಸಿನಾಣ್ಯದಲ್ಲಿ ಕಲಿತೆ. ಅಗ್ಗವಾಯಿತೆಂದೇ ಹೇಳಬೇಕು.

ಇನ್ನು ವಾದಕ್ಕೆ ಬರುತ್ತೇನೆ.

ಬಬಲೇಶ್ವರದ ವೇದಿಕೆಯಲ್ಲಿ ನನಗಿಂತ ಮೊದಲು ಮಾತಾಡಿದವರು ಆನ್‌ಲೈನ್ ರಮ್ಮಿಯಿಂದ ಹೊಲ ಮನೆ ಕಳೆದುಕೊಂಡವರ ಕಥೆ ಹೇಳಿದರು. ಕ್ರಿಕೆಟ್ ತಂಡ ಕಟ್ಟಿ ಹಣ ಹೂಡಿ ಸಾಲಕ್ಕೆ ಬಿದ್ದವರ ಕಥೆ ಹೇಳಿದರು. ಎಲ್ಲ ನಿಜ, ಎಲ್ಲ ಘೋರ. ಅಷ್ಟು ಹೇಳಿ, ಒಂದು ಉಸಿರು ಕೂಡ ತೆಗೆದುಕೊಳ್ಳದೆ, "ಆದ್ದರಿಂದ ಎಲ್ಲ ಆಟಗಳೂ ವಿಷ" ಎಂದರು. ಈ 'ಆದ್ದರಿಂದ' ಎಂಬುದರ ಮೇಲೆಯೇ ನನ್ನ ಸಿಟ್ಟು. ಹತ್ತನೆಯ ತರಗತಿಯ ಹುಡುಗ ಪ್ರಬಂಧದಲ್ಲಿ ಹೀಗೆ ಬರೆದಿದ್ದರೆ ಕೆಂಪು ಮಸಿಯಲ್ಲಿ ಗೀಟು ಹಾಕುತ್ತಿದ್ದೆ. ಗೊಂದಲಕ್ಕೆ ಶಬ್ದವೂ ಕಾರಣ. ನಮ್ಮ ಪತ್ರಿಕೆಗಳಲ್ಲಿ 'ಫ್ಯಾಂಟಸಿ ಆಟ' ಎಂದರೆ ಹಣ ಹೂಡುವ ಕ್ರಿಕೆಟ್. ಜಗತ್ತಿನ ಉಳಿದ ಕಡೆ ಫ್ಯಾಂಟಸಿ ಆಟವೆಂದರೆ ರಾಕ್ಷಸ, ಮಂತ್ರವಾದಿ, ಕೋಟೆ ಕೊತ್ತಲಗಳ ಅದ್ಭುತ ಲೋಕ. ಎರಡಕ್ಕೂ ಒಂದೇ ಹೆಸರಾದ ಮಾತ್ರಕ್ಕೆ ಎರಡೂ ಒಂದಾಗುವುದಾದರೆ, ಹುಲಿಯುಗುರೂ ಹುಲಿಯೂ ಒಂದೇ ಆಗಬೇಕು.

ಸರಕಾರಕ್ಕೂ ಈ ವ್ಯತ್ಯಾಸ ತಿಳಿದಿದೆ. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸು ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಕಲಮುಗಳನ್ನು ರದ್ದುಪಡಿಸಿತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆ ಮಾಡಿತು. ಅದು ಪಣ ಒಡ್ಡುವ ಆಟಗಳನ್ನು, ಅವು ಅದೃಷ್ಟದವಿರಲಿ ಕೌಶಲದವಿರಲಿ, ನಿಷೇಧಿಸುತ್ತದೆ. ಪಣವಿಲ್ಲದ ಸಾಮಾಜಿಕ ಆಟಗಳನ್ನು ಬೇರೆಯಾಗಿಯೇ ಇಡುತ್ತದೆ. ಚಂದಾ ಕೊಟ್ಟು ಆಡುವುದು ಪಣವಲ್ಲ ಎಂಬುದನ್ನೂ ಬಿಡಿಸಿ ಹೇಳುತ್ತದೆ. ಸಂಸತ್ತಿಗೆ ಕಂಡ ಭೇದ ನಮ್ಮ ಶಿಕ್ಷಕ ಸಮುದಾಯಕ್ಕೆ ಕಾಣದಿದ್ದರೆ ಹೇಗೆ? ಇನ್ನೊಂದು ಮಾತು. ಈ ರೂನ್‌ಸ್ಕೇಪಿನೊಳಗೂ ಆಟಗಾರರು ಹುಸಿನಾಣ್ಯವನ್ನು ಪಣಕ್ಕಿಟ್ಟು ಕಾದಾಡುವ ಒಂದು ಕಣವಿತ್ತು. ಅದು ಜೂಜಾಗುತ್ತಿದೆಯೆಂದು ನಡೆಸುವವರೇ 2022ರಲ್ಲಿ ಆ ಪಣವನ್ನು ತೆಗೆದುಹಾಕಿದರು. ನಮ್ಮ ಜಾತ್ರೆಗಳಲ್ಲಿ ಇಸ್ಪೀಟಿನ ಡೇರೆಯನ್ನು ಯಾವ ಕಮಿಟಿಯವರು ತಾವಾಗಿ ಎತ್ತಿಸಿದ್ದಾರೆ, ನನಗೆ ತಿಳಿಸಿರಿ.

"ಸುಳ್ಳು ಹೆಸರು, ಸುಳ್ಳು ವೇಷ, ಗಂಡಸು ಹೆಂಗಸಾಗಿರುತ್ತಾನೆ, ಮುದುಕ ಹುಡುಗನಾಗಿರುತ್ತಾನೆ, ಇಂಥ ಕಡೆ ಮಕ್ಕಳನ್ನು ಬಿಡುವುದೆ?" ಎಂದು ನನ್ನ ತಂಗಿಯೇ ಕೇಳಿದ್ದಾಳೆ. ತಂಗಿಗೆ ನಾನು ಶ್ರೀಕೃಷ್ಣ ಪಾರಿಜಾತವನ್ನು ನೆನಪಿಸಬೇಕು. ಅವಳೂ ನಾನೂ ಅವ್ವನ ಸೆರಗು ಹೊದ್ದು, ಕೋಳಿ ಕೂಗುವ ತನಕ ಕುಳಿತು ನೋಡಿದ ಆಟ. ಸತ್ಯಭಾಮೆಯಾಗಿ ಮುನಿಸು ತೋರಿ ಊರ ಹೆಂಗಸರನ್ನು ಅಳಿಸಿದವನು ಹಗಲು ನಮ್ಮ ಕಬ್ಬಿಣದ ಕುಲುಮೆಯಲ್ಲಿ ತಿದಿ ಒತ್ತುತ್ತಿದ್ದ. ಅವನು ಗಡ್ಡ ಬೋಳಿಸಿಕೊಂಡು ಜಡೆ ಬಿಟ್ಟು ಬಂದಾಗ ಮೋಸ ಮಾಡಿದನೆಂದು ಯಾರಾದರೂ ಫಿರ್ಯಾದಿ ಕೊಟ್ಟರೆ? ಭಾಗವತನೊಡನೆ ದೂತಿ ಹೂಡುವ ವಾದ, ಕೊರವಂಜಿಯ ಚೇಷ್ಟೆ, ಅದರಲ್ಲಿ ಬಾಯಿಪಾಠ ಎಷ್ಟು, ಆ ಕ್ಷಣಕ್ಕೆ ಹುಟ್ಟಿದ್ದು ಎಷ್ಟು? ಪಾತ್ರ ವಹಿಸಿ ಆಡುವುದು ನಮಗೆ ಇಂಗ್ಲೆಂಡಿನವರು ಕಲಿಸಿದ ವಿದ್ಯೆಯಲ್ಲ. ಅವರು ಮಾಡಿದ್ದಿಷ್ಟೆ: 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಎಂಬ ವಿದ್ಯಾರ್ಥಿಗಳು, ಚಿತ್ರವೇ ಇಲ್ಲದ ಬರಿಯ ಅಕ್ಷರಗಳ ಒಂದು ಲೋಕವನ್ನು ಗಣಕಯಂತ್ರದಲ್ಲಿ ಕಟ್ಟಿ, ಹಲವರು ಒಟ್ಟಿಗೆ ಅದರೊಳಗೆ ಅಡ್ಡಾಡುವಂತೆ ಮಾಡಿದರು. ಅಂದರೆ ಅಟ್ಟವನ್ನು ಬದಲಾಯಿಸಿದರು. ವೇಷವೂ ವೇಷದ ಹಿಂದಿನ ಮನುಷ್ಯನೂ ಎಲ್ಲ ಕಡೆ ಇದ್ದದ್ದೇ.

ಪಾರಿಜಾತದ ಹೆಸರೆತ್ತಿದ ಮೇಲೆ ನನ್ನ ಒಂದು ಪಾಪವನ್ನೂ ಹೇಳಿಬಿಡಬೇಕು. 1984. ಎಂಟನೆಯ ತರಗತಿಯ ಒಬ್ಬ ಹುಡುಗ. ಹೆಸರು ಬೇಡ. ರಾತ್ರಿಯೆಲ್ಲ ಆಟದ ತಾಲೀಮಿಗೆ ಹೋಗಿ ಹಗಲು ತರಗತಿಯಲ್ಲಿ ತೂಕಡಿಸುತ್ತಿದ್ದ. ಒಂದು ದಿನ ಅವನ ಚೀಲದಲ್ಲಿ ಒಂದು ದಪ್ಪ ವಹಿ ಸಿಕ್ಕಿತು. ಅವನ ಅಜ್ಜನ ಕೈಬರಹದ ಆಟದ ಪದಗಳು. "ಇದೇ ನಿನಗ ಅನ್ನ ಹಾಕ್ತೈತೇನು?" ಎಂದು ಕೇಳಿ, ಇಡೀ ತರಗತಿಯ ಎದುರು ಅದನ್ನು ಎರಡಾಗಿ ಹರಿದೆ. ಅವನು ಅಳಲಿಲ್ಲ. ಹಾಳೆಗಳನ್ನು ಒಂದೊಂದಾಗಿ ಆರಿಸಿಕೊಂಡು ಚೀಲಕ್ಕೆ ತುಂಬಿಕೊಂಡ. ಮರುದಿನದಿಂದ ಶಾಲೆಗೆ ಬರಲಿಲ್ಲ. ನಾನು ಶಿಸ್ತಿನ ಶಿಕ್ಷಕನೆಂದು ಅಂದು ಮುಖ್ಯೋಪಾಧ್ಯಾಯರು ಮೆಚ್ಚಿದರು. ಅದೇ ಶಿಕ್ಷಕ ಇಪ್ಪತ್ತು ವರ್ಷಗಳ ನಂತರ, "ನಮ್ಮ ಜಾನಪದ ಕಲೆಗಳು ನಶಿಸುತ್ತಿವೆ" ಎಂದು ಮೂರು ಉಪನ್ಯಾಸ ಮಾಡಿದ. ಆಡುವಾಗ ಹರಿದುಹಾಕಿ, ಸತ್ತ ಮೇಲೆ ಹಾರ ಹಾಕುವುದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಬರುತ್ತದೆ. ಹರದೇಶಿ ನಾಗೇಶಿಯ ಸವಾಲು ಜವಾಬು ಕೇಳಲು ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಮೂರು ದಿನ ಹೊಲಕ್ಕೆ ಬಾರದ ಹಿರಿಯರನ್ನು ನಾನು ಕಂಡಿದ್ದೇನೆ. ಅವರನ್ನು ಈಗ ರಸಿಕರೆಂದು ಕರೆಯುತ್ತೇವೆ. ಅಂದು ಮನೆಯವರು ಏನೆಂದು ಕರೆಯುತ್ತಿದ್ದರೆಂಬುದನ್ನು ಇಲ್ಲಿ ಬರೆಯುವಂತಿಲ್ಲ.

"ಅಲ್ಲಿಯ ಗೆಳೆತನ ನಿಜವಲ್ಲ" ಎಂಬುದು ಇನ್ನೊಂದು ಮಾತು. ಇದಕ್ಕೆ ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ತರುಣನ ಸಂಗತಿಯನ್ನು ಹೇಳುತ್ತೇನೆ. ಸ್ನಾಯುಗಳು ಕ್ರಮೇಣ ಶಕ್ತಿ ಕಳೆದುಕೊಳ್ಳುವ ಡುಶೆನ್ ಎಂಬ ರೋಗ ಅವನಿಗೆ ಹುಟ್ಟಿನಿಂದಲೇ. ಗಾಲಿಕುರ್ಚಿಯಲ್ಲಿ ಕುಳಿತು ಅವನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ, 2004ರಲ್ಲಿ ಬಂದ ಇಂಥದೇ ಆಟವನ್ನು ಆಡುತ್ತಿದ್ದ. ಅಲ್ಲಿ ಅವನ ಹೆಸರು ಇಬೆಲಿನ್, ಓಡಬಲ್ಲವನು, ಸಾಹಸಿ. ಮಗ ಒಂಟಿಯಾಗಿಯೇ ಬಾಳಿದ, ಗೆಳೆಯರನ್ನು ಕಾಣಲಿಲ್ಲ, ಯಾರ ಬದುಕಿಗೂ ಬೇಕಾಗಲಿಲ್ಲ ಎಂದು ತಂದೆ ತಾಯಿ ಕೊರಗುತ್ತಿದ್ದರು. 2014ರ ನವೆಂಬರಿನಲ್ಲಿ, 25ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡ. ಅವನು ಬರೆದುಕೊಂಡಿರುತ್ತಿದ್ದ ತಾಣದಲ್ಲಿ ತಂದೆ ಆ ಸುದ್ದಿಯನ್ನು ತಿಳಿಸಿದರು. ಮೇಲಿಂದ ಮೇಲೆ ಪತ್ರಗಳು ಬರತೊಡಗಿದವು. ತಮ್ಮ ಕಷ್ಟಕಾಲದಲ್ಲಿ ಅವನು ಹೇಗೆ ಕೈಹಿಡಿದನೆಂದು ಯುರೋಪಿನ ಬೇರೆ ಬೇರೆ ದೇಶಗಳವರು ಬರೆದರು. ಅಂತ್ಯಕ್ರಿಯೆಗೆ ಕೆಲವರು ತಾವೇ ಬಂದರು. ಜೀವನದಲ್ಲಿ ಒಮ್ಮೆಯೂ ಅವನ ಮುಖ ನೋಡದವರು. 2024ರಲ್ಲಿ ಈ ಕುರಿತು ಒಂದು ಸಾಕ್ಷ್ಯಚಿತ್ರವೂ ಬಂದಿದೆ. ನಾನು ಮೊಮ್ಮಗನೊಡನೆ ಕುಳಿತು ನೋಡಿದೆ. ಆ ತಂದೆ ಕೆಟ್ಟವನಲ್ಲ. ಮಗನ ಕೋಣೆಯ ಬಾಗಿಲು ಮುಚ್ಚಿದ್ದನ್ನು ಮಾತ್ರ ಕಂಡಿದ್ದ, ಅಷ್ಟೆ.

ಅಳಿಯಂದಿರೇ, ಇನ್ನು ಮುಂದಿನದು ನಿಮಗೆ.

2021ರ ಏಪ್ರಿಲ್ ನೆನಪಿದೆಯಲ್ಲವೆ? ನಿಮ್ಮನ್ನು ವಿಜಯಪುರದ ಆಸ್ಪತ್ರೆಗೆ ಸೇರಿಸಿತ್ತು. ಮಗಳು ನಿಮ್ಮ ಜೊತೆಗೆ. ನನ್ನನ್ನು ಮನೆಯಿಂದ ಹೊರಗೆ ಬಿಡುವವರಿರಲಿಲ್ಲ. ಟಿಕೋಟಾದ ತೋಟದಲ್ಲಿ ಶೆಡ್ಡಿನ ಬಲೆಗಳ ಮೇಲೆ ವರ್ಷದ ದ್ರಾಕ್ಷಿಯೆಲ್ಲ ಒಣಗಲು ಬಿದ್ದಿತ್ತು. ಮೋಡವಾಗುತ್ತಿತ್ತು. ಮಳೆ ಬಂದರೆ ಮಣೂಕ ಕಪ್ಪಾಗುತ್ತದೆ, ದರ ಹೋಗುತ್ತದೆ. ಹದಿನಾಲ್ಕು ವರ್ಷದ ಹುಡುಗ, ಕಿವಿ ಕೇಳದ ಒಬ್ಬ ಮುದಿ ಆಳು, ಇಬ್ಬರೇ ಒಂಬತ್ತು ರಾತ್ರಿ ಆ ಶೆಡ್ಡನ್ನು ಕಾಯ್ದರು. ಗಾಳಿ ಎದ್ದಾಗಲೆಲ್ಲ ತಾಡಪತ್ರಿ ಎಳೆದು ಕಟ್ಟುವುದು, ಮತ್ತೆ ಬಿಚ್ಚುವುದು. ಮಗ ಧೈರ್ಯಸ್ಥನೆಂದು ನೀವು ಗುಣವಾಗಿ ಬಂದ ಮೇಲೆ ನಾಲ್ಕು ಜನರ ಮುಂದೆ ಹೊಗಳಿದಿರಿ. ಅವನು ಒಬ್ಬನೇ ಇರಲಿಲ್ಲ ಎಂಬುದು ನಿಮಗೆ ಗೊತ್ತಿಲ್ಲ.

ಆ ಒಂಬತ್ತು ರಾತ್ರಿಯೂ ಅವನ ಬಳಗದವರು ಪಾಳಿ ಹಾಕಿಕೊಂಡು ಎಚ್ಚರವಿದ್ದರು. ನಮ್ಮಲ್ಲಿ ರಾತ್ರಿ ಎರಡಾದಾಗ ಬ್ರೆಜಿಲ್ಲಿನಲ್ಲಿ ಇಳಿಹೊತ್ತು ಐದೂವರೆ, ಪೋಲೆಂಡಿನಲ್ಲಿ ಹತ್ತೂವರೆ, ಮನಿಲಾದಲ್ಲಿ ನಸುಕಿನ ನಾಲ್ಕೂವರೆ. ಒಬ್ಬರಿಗೆ ನಿದ್ದೆ ಬಂದರೆ ಇನ್ನೊಬ್ಬರಿಗೆ ಬೆಳಗಾಗುತ್ತಿತ್ತು. ಕರಮ್ಜಾ ಎಂಬ ದ್ವೀಪದ ದಂಡೆಯಲ್ಲಿ ಸಾಲಾಗಿ ನಿಂತು, ಅವನೊಡನೆ ಸುಮ್ಮನೆ ಕಡಲೇಡಿ ಹಿಡಿಯುತ್ತ ಮಾತಾಡುತ್ತಿದ್ದರು. ನಾನೂ ಅಲ್ಲಿದ್ದೆ. ಆಸ್ಪತ್ರೆಯಿಂದ ಅವನ ಅವ್ವ ತಾಸಿಗೊಮ್ಮೆ ಕಳಿಸುತ್ತಿದ್ದ ಆಮ್ಲಜನಕದ ಅಂಕಿಯ ಅರ್ಥವೇನೆಂದು ಅವನಿಗೆ ತಿಳಿಸಿ ಹೇಳಿದವಳು ಮನಿಲಾದ ಆ ದಾದಿ. ಬೋರಲು ಮಲಗಿಸುತ್ತಿದ್ದಾರೆಯೆ ಕೇಳು ಎಂದಳು. ಮಲಗಿಸುತ್ತಿದ್ದರು, ಅಲ್ಲಿಯ ವೈದ್ಯರು ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿದ್ದರು. ಅವಳಿಂದ ನೀವು ಬದುಕಿದಿರೆಂದು ನಾನು ಹೇಳುವುದಿಲ್ಲ. ಆದರೆ ಅಂಕಿ 88ಕ್ಕೆ ಇಳಿದ ರಾತ್ರಿ ನಿಮ್ಮ ಮಗ ಬಾವಿಯ ಕಡೆಗೆ ಓಡದೆ ಶೆಡ್ಡಿನಲ್ಲಿ ಕುಳಿತದ್ದು ಅವಳ ಮಾತಿನಿಂದ. ನಾನು ಆಗ ಏನು ಹೇಳಬೇಕೆಂದು ತಿಳಿಯದೆ, ಇಲ್ಲಿ ವಿಜಯಪುರದಲ್ಲಿ ದೇವರ ಮುಂದೆ ಕುಳಿತಿದ್ದೆ. ತನ್ನದೇ ಆಸ್ಪತ್ರೆಯಲ್ಲಿ ಹೆಣ ಎಣಿಸಿ ಮನೆಗೆ ಬಂದ ಹೆಣ್ಣುಮಗಳು, ನಿದ್ದೆಗೆಟ್ಟು, ತಾನು ಎಂದೂ ಕಾಣದ ಊರಿನ ಹುಡುಗನ ಜೊತೆ ಬೆಳಗಿನವರೆಗೆ ಹುಸಿಮೀನು ಹಿಡಿದಳು. ಇದು ನಿಜವಾದ ಗೆಳೆತನವಲ್ಲವಾದರೆ, ನಿಜವಾದದ್ದರ ಲಕ್ಷಣವೇನೆಂದು ನನಗೆ ಹೇಳಿಕೊಡಿರಿ.

2025ರ ಏಪ್ರಿಲಿನಲ್ಲಿ ಪಿಯುಸಿಯ ಫಲಿತಾಂಶ ಬಂದ ದಿನ, ಶೇಕಡಾ 58 ಎಂದು ತಿಳಿದ ಕೂಡಲೆ, ನೀವು ಅವನ ಮೊಬೈಲನ್ನು ಕೃಷಿಹೊಂಡಕ್ಕೆ ಎಸೆದಿರಿ. ಆ ಯಂತ್ರದ ಬೆಲೆ ಒಂಬತ್ತು ಸಾವಿರ, ಅದರ ಮಾತಲ್ಲ. ಆಟವೇ ಅಂಕಗಳನ್ನು ನುಂಗಿತೆಂದು ನೀವು ನಂಬಿದ್ದೀರಿ. ಸ್ವಲ್ಪ ನುಂಗಿರಬಹುದು. ಅಕ್ಟೋಬರ್ ಚಾಟ್ನಿಯಿಂದ ಜನವರಿಯ ತನಕ ಬೆಳಗಿನ ಔಷಧಿ ಸಿಂಪಡಣೆಗೆ ಅವನನ್ನೇ ಎಬ್ಬಿಸುತ್ತಿದ್ದಿರಲ್ಲ, ಅದು ಎಷ್ಟು ನುಂಗಿತು? ಭೌತಶಾಸ್ತ್ರಕ್ಕೆ ವರ್ಷದ ಅರ್ಧ ಭಾಗ ಉಪನ್ಯಾಸಕರೇ ಇರಲಿಲ್ಲವಲ್ಲ, ಅದು? ಲೆಕ್ಕ ಹಾಕುವುದಾದರೆ ಎಲ್ಲವನ್ನೂ ಹಾಕಬೇಕು. ಎಸೆಯಲು ಕೈಗೆ ಸಿಕ್ಕಿದ್ದು ಮೊಬೈಲು ಮಾತ್ರ.

ಹಾಗೆಂದು ನಾನು ಕಣ್ಣುಮುಚ್ಚಿ ವಕಾಲತ್ತು ವಹಿಸುತ್ತಿಲ್ಲ. ಈ ಆಟ ಕಾಲವನ್ನು ತಿನ್ನುತ್ತದೆ. ಅದರ ಗಣಿತವೇ ಹಾಗಿದೆ: ಒಂದು ಕಸುಬಿನಲ್ಲಿ 99ನೆಯ ಮೆಟ್ಟಿಲಿಗೆ ಬೇಕಾದ ಅನುಭವಾಂಕ 1,30,34,431, ಅದರ ಅರ್ಧ ಮುಗಿಯುವುದು 92ನೆಯ ಮೆಟ್ಟಿಲಿನಲ್ಲಿ. ಉಳಿದ ಏಳು ಮೆಟ್ಟಿಲು ಮೊದಲಿನ ತೊಂಬತ್ತೆರಡರಷ್ಟೇ ಉದ್ದ. ಐದು ವರ್ಷಕ್ಕೂ ಮೇಲಾಗಿ ಆಡಿಯೂ ನನ್ನ ಮೀನುಗಾರಿಕೆ ಇನ್ನೂ 61ರಲ್ಲಿದೆ. ಬೇಕೆಂದೇ ಹಾಗೆ ಕಟ್ಟಿದ್ದಾರೆ, ಬಿಡಲಾರದಂತೆ. ಆಟದ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ, 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದಕ್ಕಾಗಿಯೇ ಶಟ್ ಎಂಬ ಚಿಕಿತ್ಸಾಲಯ 2014ರಿಂದ ಇದೆ. ಊಟ, ನಿದ್ದೆ, ಓದು, ಮೈಯ ಮೇಲಿನ ಎಚ್ಚರ ತಪ್ಪಿದ ಮಗುವನ್ನು ಅಂಥ ಕಡೆ ಕರೆದೊಯ್ಯಬೇಕು. ವೇದಿಕೆಗೆ ಕರೆದು ಪ್ರತಿಜ್ಞೆ ಮಾಡಿಸಿದರೆ ಆಗುವುದಿಲ್ಲ. ಹೊಲಸು ಮಾತಾಡುವವರೂ ಅಲ್ಲಿದ್ದಾರೆ. ಮಕ್ಕಳನ್ನು ಬಲೆಗೆ ಕೆಡವುವ ನೀಚರೂ ಇರುತ್ತಾರೆ. ಆದ್ದರಿಂದಲೇ ನಾನು ಹೇಳುವುದು, ಹಿರಿಯರು ಒಳಗೆ ಬಂದು ಪಕ್ಕದಲ್ಲಿ ನಿಲ್ಲಬೇಕೆಂದು. ಬಯಲಾಟಕ್ಕೆ ಮಕ್ಕಳನ್ನು ಒಂಟಿಯಾಗಿ ಕಳಿಸುತ್ತಿರಲಿಲ್ಲ. ಕಂಬಳಿ ಹಿಡಿದು ಮುತ್ಯಾ ಜೊತೆಗೆ ಬರುತ್ತಿದ್ದ.

ಮತ್ತೆ, ಬೆಳಗೆದ್ದು ರಾತ್ರಿಯವರೆಗೆ ವಾಟ್ಸ್ಯಾಪಿನಲ್ಲಿ ಸುಳ್ಳು ಸುದ್ದಿ ದಾಟಿಸುವ ನನ್ನ ಓರಗೆಯ ನಿವೃತ್ತರಿಗೆ ಯಾವ ಪ್ರತಿಜ್ಞೆಯನ್ನು ಯಾರು ಬೋಧಿಸುತ್ತಾರೋ ಕಾಣೆ. ನನ್ನ ಹನ್ನೊಂದು ಜನರ ಬಳಗದಲ್ಲಿ ಒಬ್ಬನೇ ಒಬ್ಬ ಇನ್ನೊಬ್ಬರ ಜಾತಿ ಕೇಳಿಲ್ಲ, ಧರ್ಮ ಬೈದಿಲ್ಲ. ಆಟದಲ್ಲಿ ಏನಾದರೂ ದೊಡ್ಡ ಬದಲಾವಣೆ ಮಾಡಬೇಕಾದರೆ ಆಡುವವರ ಮತ ಕೇಳುತ್ತಾರೆ. ನೂರಕ್ಕೆ ಎಪ್ಪತ್ತು ಒಪ್ಪಬೇಕು, 2022ರ ತನಕ ಎಪ್ಪತ್ತೈದು ಒಪ್ಪಬೇಕಾಗಿತ್ತು. ನಮ್ಮ ನಿವೃತ್ತ ನೌಕರರ ಗುಂಪಿನಲ್ಲಿ ಚಹಾದ ಜೊತೆ ಮಂಡಕ್ಕಿಯೋ ಬಿಸ್ಕೀಟೋ ಎಂಬುದಕ್ಕೇ ಇನ್ನೂ ಬಹುಮತ ಬಂದಿಲ್ಲ.

ಮೊಮ್ಮಗ ಈಗ ನನ್ನಲ್ಲಿಯೇ ಇದ್ದು ವಿಜಯಪುರದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾನೆ. ಮೊಬೈಲು ಮುಳುಗಿದ ಮೇಲೆ ಆರು ತಿಂಗಳು ಅವನು ಆಟದ ಮಾತೆತ್ತಲಿಲ್ಲ. ಬಳಗದವರು ಮಾತ್ರ ನನ್ನನ್ನು ದಿನಾಲು ಕೇಳುತ್ತಿದ್ದರು, ಹುಡುಗ ಎಲ್ಲಿ ಎಂದು. ದ್ರಾಕ್ಷಿಯ ಕೆಲಸವಿದೆ ಎಂದು ಹೇಳುತ್ತ ಬಂದೆ. ಪೋಲೆಂಡಿನವನು, "ಮುತ್ಯಾ, ವರ್ಷವೆಲ್ಲ ದ್ರಾಕ್ಷಿಯೇ?" ಎಂದು ಕೇಳಿದ ದಿನ ನನಗೆ ಉತ್ತರ ಹೊಳೆಯಲಿಲ್ಲ. ಬಬಲೇಶ್ವರದಿಂದ ಬಂದ ಆ ರಾತ್ರಿ ನನ್ನ ಮೊಬೈಲನ್ನೇ ಅವನ ಕೈಗಿಟ್ಟೆ. ದಿನಕ್ಕೆ ಒಂದು ತಾಸು, ಊಟದ ನಂತರ, ನನ್ನ ಎದುರಿಗೆ; ಹೀಗೆಂದು ನಮ್ಮಿಬ್ಬರ ಒಪ್ಪಂದ. ಅದರಲ್ಲಿ ಹತ್ತು ನಿಮಿಷ ನಾನು ಕದಿಯುತ್ತೇನೆ.

ಅಳಿಯಂದಿರೇ, ಬೇಸಿಗೆಯಲ್ಲಿ ಹೊಂಡ ತಳ ಕಂಡಾಗ ಆ ಯಂತ್ರ ಸಿಕ್ಕರೆ ಎತ್ತಿಡಿರಿ. ಕೆಟ್ಟಿರುತ್ತದೆ, ಗೊತ್ತು. ಅವನಿಗೆ ಅದು ಬೇಕಂತೆ.

ಸಂಘಟಕರು ಜನವರಿ 26ಕ್ಕೆ ಮತ್ತೆ ಕರೆದಿದ್ದಾರೆ, ಅದೇ ಪ್ರತಿಜ್ಞೆಗೆ, ಈ ಸಲ ಟಿಕೋಟಾದಲ್ಲಿ. ಹಾಳೆಯನ್ನು ನಾನು ತಿದ್ದಿ ಕಳಿಸಿದ್ದೇನೆ. "ಹಣ ಕಟ್ಟುವ ಯಾವ ಆಟವನ್ನೂ ಆಡುವುದಿಲ್ಲ, ಆಡುವ ಆಟವನ್ನು ಮನೆಯವರಿಂದ ಮುಚ್ಚಿಡುವುದಿಲ್ಲ" ಎಂದು ಮಕ್ಕಳಿಗೆ. ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದೇನೆ, ಪಾಲಕರಿಗಾಗಿ: "ನನ್ನ ಮಗು ಯಾವ ಆಟವನ್ನು, ಯಾರೊಡನೆ ಆಡುತ್ತದೆಂಬುದನ್ನು ಪಕ್ಕದಲ್ಲಿ ಕುಳಿತು ಒಂದು ತಾಸು ನೋಡದೆ ಅದರ ಮೊಬೈಲಿಗೆ ಕೈಹಾಕುವುದಿಲ್ಲ." ಅವರಿಂದ ಇನ್ನೂ ಉತ್ತರ ಬಂದಿಲ್ಲ.